ಮಸಿ ಚೆಲ್ಲಿದ ಸಿಟ್ಟಿಗೆ ಇಂಕ್ ಪೆನ್ ಹುಟ್ಟಿತೇ? ವಾಟರ್‌ಮನ್ ಕಥೆಯ ಸತ್ಯ, ಮತ್ತು ನಿಮ್ಮ ಮನೆಯ ಹಳೇ ಪೆನ್ನು

ವಾಟ್ಸಾಪ್‌ನಲ್ಲಿ ಆಗಾಗ ಬರುವ ಒಂದು ಸ್ಫೂರ್ತಿ ಕಥೆ ನಿಮಗೂ ಬಂದಿರಬಹುದು. ಅಮೆರಿಕದಲ್ಲಿ ಲೂಯಿಸ್ ವಾಟರ್‌ಮನ್ ಎಂಬ ವಿಮಾ ಏಜೆಂಟ್ ಇದ್ದ. ದೊಡ್ಡ ಪಾಲಿಸಿಗೆ ಗ್ರಾಹಕ ಸಹಿ ಹಾಕುವ ಹೊತ್ತಿಗೆ ಪೆನ್ನು ಮಸಿ ಕಾರಿ ಕಾಗದ ಹಾಳಾಯಿತು. ಹೊಸ ಕಾಗದ ತರುವಷ್ಟರಲ್ಲಿ ಬೇರೆ ಏಜೆಂಟ್ ಆ ವ್ಯವಹಾರ ಹಾರಿಸಿಕೊಂಡು ಹೋದ. ಆ ಸಿಟ್ಟಿನಲ್ಲಿ ವಾಟರ್‌ಮನ್ ಜಗತ್ತಿನ ಮೊದಲ ಫೌಂಟನ್ ಪೆನ್ ಕಂಡುಹಿಡಿದ. ಸೋಲೇ ಗೆಲುವಿನ ಮೆಟ್ಟಿಲು, ಹತ್ತು ಜನರಿಗೆ ಕಳಿಸಿ.

ಕಳಿಸುವ ಮೊದಲು ಸ್ವಲ್ಪ ನಿಲ್ಲಿ. ಇದರಲ್ಲಿ ಮನುಷ್ಯ ನಿಜ, ಪೆನ್ನು ನಿಜ, ವಿಮೆ ಕೆಲಸವೂ ನಿಜ. ಉಳಿದದ್ದು ಬೇರೆ.

ವಾಟರ್‌ಮನ್‌ಗಿಂತ ಮೊದಲೇ ಪೆನ್ನಿತ್ತು

ನಮ್ಮ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಬುಕ್ಕರಾಯನ ಕಾಲದ, 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಆದ ರಾಜಿಯನ್ನು ಅದು ಹೇಳುತ್ತದೆ. ಕಲ್ಲಿಗೆ ಮಸಿ ಬೇಕಿರಲಿಲ್ಲ. ಓಲೆಗರಿಯಲ್ಲಿ ಕಂಠದಿಂದ ಗೀರಿ ಬರೆದು ಆಮೇಲೆ ಮಸಿ ಉಜ್ಜುತ್ತಿದ್ದರು, ಅಲ್ಲೂ ಮಸಿಯನ್ನು ಕೈಯಲ್ಲಿ ಹೊತ್ತು ತಿರುಗುವ ಕಷ್ಟವಿರಲಿಲ್ಲ. ಕಷ್ಟ ಶುರುವಾಗಿದ್ದು ಕಾಗದ, ಲೇಖನಿ, ದೌತಿ ಬಂದಮೇಲೆ. ನಾಲ್ಕು ಪದಕ್ಕೊಮ್ಮೆ ಅದ್ದಬೇಕು, ಪ್ರಯಾಣದಲ್ಲಿ ಚೆಲ್ಲಬಾರದು.

ಹಾಗಾಗಿ ಮಸಿಯನ್ನು ಪೆನ್ನಿನೊಳಗೇ ತುಂಬುವ ಪ್ರಯತ್ನ ಬಹಳ ಹಳೆಯದು. ಇಂಗ್ಲೆಂಡಿನಲ್ಲಿ 1819ರಲ್ಲಿ ಜಾನ್ ಶೆಫರ್ ಪೇಟೆಂಟ್ ಪಡೆದರು. ಪ್ಯಾರಿಸ್‌ನಲ್ಲಿ ಓದುತ್ತಿದ್ದ ರೊಮೇನಿಯಾದ ಪೆತ್ರಾಕೆ ಪೊಯೆನಾರು 1827ರಲ್ಲಿ ಪಡೆದರು. ಆಗ ವಾಟರ್‌ಮನ್ ಇನ್ನೂ ಹುಟ್ಟಿಯೇ ಇರಲಿಲ್ಲ. ಮೊದಲ ಫೌಂಟನ್ ಪೆನ್ ಅವರದು ಎನ್ನುವ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹತ್ತು ಕೆಲಸ ಮಾಡಿದ ಮನುಷ್ಯ

ಲೂಯಿಸ್ ಎಡ್ಸನ್ ವಾಟರ್‌ಮನ್ ಹುಟ್ಟಿದ್ದು 1837ರ ನವೆಂಬರ್ 18ರಂದು, ನ್ಯೂಯಾರ್ಕ್ ರಾಜ್ಯದ ಡೆಕಾಟರ್ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗಲೇ ಕುಟುಂಬ ಇಲಿನಾಯ್ ಕಡೆಗೆ ಹೋಯಿತು. ಶಾಲೆಯಲ್ಲಿ ಪಾಠ ಹೇಳಿದರು, ಬಡಗಿ ಕೆಲಸ ಮಾಡಿದರು, ಪುಸ್ತಕ ಮಾರಿದರು, ಶೀಘ್ರಲಿಪಿ ಕಲಿಸಿದರು, ವಿಮೆ ಮಾರಿದರು. ನಲವತ್ತು ದಾಟುವವರೆಗೂ ಅವರ ಹೆಸರು ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಆ ಕಾಲದ ಫೌಂಟನ್ ಪೆನ್ನುಗಳಿಗೆ ಎರಡೇ ಗುಣ: ಒಂದೋ ಬರೆಯುತ್ತಿರಲಿಲ್ಲ, ಇಲ್ಲವೇ ಒಮ್ಮೆಲೇ ಸುರಿಯುತ್ತಿದ್ದವು. ಕಾರಣ ಸರಳ. ನೀರು ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ, ಬುಳುಬುಳು ಎಂದು ತಡೆತಡೆದು ಸುರಿಯುತ್ತದೆ. ಗಾಳಿ ಒಳಗೆ ಹೋದರೆ ಮಾತ್ರ ನೀರು ಹೊರಗೆ ಬರುತ್ತದೆ. ಪೆನ್ನಿನಲ್ಲೂ ಅಷ್ಟೇ. ಗಾಳಿಗೆ ದಾರಿ ಇಲ್ಲದಿದ್ದರೆ ಮಸಿ ನಿಲ್ಲುತ್ತದೆ, ದಾರಿ ಜಾಸ್ತಿಯಾದರೆ ಮಸಿ ಚೆಲ್ಲುತ್ತದೆ.

ವಾಟರ್‌ಮನ್ ಬಗೆಹರಿಸಿದ್ದು ಈ ಒಂದು ಸಮಸ್ಯೆಯನ್ನು. ನಿಬ್ಬಿನ ಕೆಳಗೆ ಕಪ್ಪು ನಾಲಗೆಯಂಥ ಭಾಗ ಇರುತ್ತದಲ್ಲ, ಅದೇ ಫೀಡ್. ಅದರಲ್ಲಿ ಒಂದು ಗಾಡಿ ಕೊರೆದು, ಗಾಡಿಯ ತಳದಲ್ಲಿ ಇನ್ನೂ ತೆಳುವಾದ ಸೀಳುಗಳನ್ನು ಮಾಡಿದರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ತೆಳು ಸೀಳುಗಳಲ್ಲಿ ಮಸಿ ತಾನಾಗಿ ನಿಬ್ಬಿನ ಕಡೆ ಹರಿಯುತ್ತದೆ. ಇದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತಾರೆ. ಮೇಲಿನ ಗಾಡಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ಬರೆದಷ್ಟು ಮಸಿ, ಮಸಿಯಷ್ಟು ಗಾಳಿ. 1884ರ ಫೆಬ್ರವರಿ 12ರಂದು ಅವರಿಗೆ ಅಮೆರಿಕದ 293545ನೇ ಪೇಟೆಂಟ್ ಸಿಕ್ಕಿತು.

ಪೇಟೆಂಟ್‌ನಿಂದ ಹೊಟ್ಟೆ ತುಂಬುವುದಿಲ್ಲ. ನ್ಯೂಯಾರ್ಕ್‌ನ ಸಿಗಾರ್ ಅಂಗಡಿಯೊಂದರ ಜಾಗದಲ್ಲಿ ನಿಂತು, ಖಾತರಿ ಕೊಟ್ಟು ಪೆನ್ನು ಮಾರಿದರು. ಪತ್ರಿಕೆಯಲ್ಲಿ ಜಾಹೀರಾತು ಬಂದ ಮೇಲೆ ವ್ಯಾಪಾರ ಕುದುರಿತು, ಕಂಪನಿ ಬೆಳೆಯಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವರ ಪೆನ್ನಿಗೆ ಚಿನ್ನದ ಪದಕ ಬಂತು. ಮರುವರ್ಷ, 1901ರ ಮೇ 1ರಂದು ವಾಟರ್‌ಮನ್ ಬ್ರೂಕ್ಲಿನ್‌ನಲ್ಲಿ ತೀರಿಕೊಂಡರು. ಕಂಪನಿ ಅಣ್ಣತಮ್ಮಂದಿರ ಮಗನಾದ ಫ್ರಾಂಕ್ ಕೈಗೆ ಹೋಯಿತು.

ಹಾಗಾದರೆ ಆ ಮಸಿ ಕಲೆ?

ಕಲೆಯ ಕಥೆ ಪ್ರಚಾರಕ್ಕೆ ಬಂದದ್ದು ವಾಟರ್‌ಮನ್ ಸತ್ತ ಮೇಲೆ, ಕಂಪನಿಯದೇ ಪ್ರಚಾರ ಬರಹಗಳಲ್ಲಿ. ಪೆನ್ನಿನ ಇತಿಹಾಸ ಕೆದಕಿದವರಿಗೆ ಅವರು ಬದುಕಿದ್ದ ಕಾಲದ ಕಾಗದಪತ್ರಗಳಲ್ಲಿ ಇದಕ್ಕೆ ಆಧಾರ ಸಿಕ್ಕಿಲ್ಲ. ಅಂದರೆ ನಾವು ಫಾರ್ವರ್ಡ್ ಮಾಡುತ್ತಿರುವುದು ನೂರು ವರ್ಷಕ್ಕೂ ಹಳೆಯ ಜಾಹೀರಾತು.

ಒಳ್ಳೆಯ ಕಥೆ ತಾನೇ, ಹೋದರೆ ಹೋಗಲಿ ಎನ್ನಬಹುದು. ನಷ್ಟ ಇರುವುದು ಇಲ್ಲೇ. ಒಂದು ಸಿಟ್ಟಿನಲ್ಲಿ ಆವಿಷ್ಕಾರ ಆಗಿಬಿಡುತ್ತದೆ ಎಂದು ಮಕ್ಕಳು ನಂಬುತ್ತಾರೆ. ಬೇರೆಯವರು ಅರವತ್ತು ವರ್ಷ ಎಡವಿದ್ದು, ಎಲ್ಲಿ ಎಡವಿದರು ಎಂದು ಒಬ್ಬ ಗಮನಿಸಿ ನೋಡಿದ್ದು, ಎರಡೂ ಮರೆತುಹೋಗುತ್ತವೆ.

ಆ ನಾಲಗೆ ನಿಮ್ಮ ಮನೆಯಲ್ಲೂ ಇದೆ

ಅಜ್ಜನ ಪೆಟ್ಟಿಗೆಯಲ್ಲೋ ಶೋಕೇಸಿನಲ್ಲೋ ಬರೆಯದೆ ಬಿದ್ದಿರುವ ಇಂಕ್ ಪೆನ್ ಇದೆಯೇ? ಬಹುತೇಕ ಕೆಟ್ಟಿರುವುದಿಲ್ಲ. ವಾಟರ್‌ಮನ್ ಕೊರೆದಂಥ ಸೀಳುಗಳಲ್ಲಿ ಮಸಿ ಒಣಗಿ ಕೂತಿರುತ್ತದೆ, ಅಷ್ಟೇ. ಹೀಗೆ ಮಾಡಿ:

1. ಕೊಳವೆ ತಿರುಗಿಸಿ ಬಿಚ್ಚಿ, ಉಳಿದ ಮಸಿ ಚೆಲ್ಲಿ.
2. ನಿಬ್ಬಿರುವ ಭಾಗವನ್ನು ತಣ್ಣೀರಿನ ಲೋಟದಲ್ಲಿ ರಾತ್ರಿಯಿಡೀ ನೆನೆಸಿ. ನೀರು ಬಣ್ಣವಾದಾಗಲೆಲ್ಲ ಬದಲಿಸಿ. ಬಿಡದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ, ಆಮೇಲೆ ಚೆನ್ನಾಗಿ ತೊಳೆಯಿರಿ.
3. ನಿಬ್ಬು, ಫೀಡ್ ಎರಡನ್ನೂ ಬಟ್ಟೆಯಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಸುಲಭವಾಗಿ ಬಂದರೆ ಮಾತ್ರ. ಇಕ್ಕಳ ಹಾಕಬೇಡಿ. ಹೀರೋ ಪೆನ್ನಿನಂತೆ ನಿಬ್ಬು ಒಳಗೆ ಅಡಗಿರುವ ಪೆನ್ನುಗಳಿಗೆ ನೆನೆಸುವುದೇ ಸಾಕು.
4. ಫೀಡ್‌ನ ಗಾಡಿಯನ್ನು ಹಳೆಯ ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ. ಬ್ಲೇಡು, ಪಿನ್ನು ಬೇಡ. ಸೀಳು ಅಗಲವಾದರೆ ಪೆನ್ನು ಮತ್ತೆ ಮಸಿ ಕಾರುತ್ತದೆ.
5. ನಿಬ್ಬಿನ ಸೀಳು ಫೀಡ್‌ನ ನಟ್ಟನಡುವೆ ಬರುವಂತೆ ಕೂರಿಸಿ, ಒಣಗಿದ ಮೇಲೆ ಮಸಿ ತುಂಬಿ.

ಇವನ್ನು ಮಾಡಬೇಡಿ

ಬಿಸಿನೀರಿನಲ್ಲಿ ಅದ್ದಿದರೆ ಬೇಗ ಬಿಡುತ್ತದೆ ಎಂಬ ಸಲಹೆಯೂ ಹರಿದಾಡುತ್ತದೆ. ಹಳೆಯ ಪೆನ್ನುಗಳ ಕೊಳವೆ ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿನೀರು ತಾಗಿದರೆ ಅದರ ಕಪ್ಪು ಬಣ್ಣ ಕಂದಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಒಳಗೆ ರಬ್ಬರ್ ಚೀಲವಿರುವ ಪೆನ್ನುಗಳಲ್ಲಿ ಆ ಚೀಲವನ್ನು ಅಂಟಿಸಿರುವುದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಪೆನ್ ರಿಪೇರಿಯವರೂ ಇದೇ ಗುಣ ನಂಬಿ, ಹಿತವಾಗಿ ಬಿಸಿ ಮಾಡಿ ಬಿಚ್ಚುತ್ತಾರೆ. ಅಂಥ ಪೆನ್ನನ್ನು ಮನೆಯಲ್ಲಿ ಒಲೆಗೆ ಹಿಡಿಯಬೇಡಿ, ತಿಳಿದವರಿಗೆ ಕೊಡಿ. ಸ್ಪಿರಿಟ್ಟು, ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ರಿಮೂವರ್‌ಗೆ ಹಲವು ಪ್ಲಾಸ್ಟಿಕ್ಕುಗಳು ಕರಗುತ್ತವೆ.

ಇನ್ನೊಂದು ದೂರು: ಕೊಳವೆಗೇ ಮಸಿ ತುಂಬುವ ಪೆನ್ನು ಜೇಬಿನಲ್ಲಿ ಕಾರುತ್ತದೆ. ಅದು ಪೆನ್ನಿನ ದೋಷವೇ ಆಗಬೇಕಿಲ್ಲ. ಮಸಿ ಕಡಿಮೆಯಾದಂತೆ ಒಳಗೆ ಗಾಳಿ ಜಾಸ್ತಿಯಾಗುತ್ತದೆ. ಮೈಶಾಖಕ್ಕೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರಗೆ ದೂಡುತ್ತದೆ. ಕಾಲು ಭಾಗ ಉಳಿದಾಗಲೇ ತುಂಬಿ, ನಿಬ್ಬು ಮೇಲ್ಮುಖವಾಗಿ ಇಟ್ಟುಕೊಳ್ಳಿ.

ಕೊನೆಗೆ

ಮೊದಲ ಫೌಂಟನ್ ಪೆನ್ ವಾಟರ್‌ಮನ್ ಮಾಡಿದ್ದು: ಸುಳ್ಳು. ಮಸಿ ಚೆಲ್ಲಿ ಪಾಲಿಸಿ ಕೈತಪ್ಪಿದ್ದು: ಆಧಾರವಿಲ್ಲ. ನಂಬಿ ಬರೆಯಬಹುದಾದ ಪೆನ್ನನ್ನು ಜನರ ಕೈಗೆ ತಲುಪಿಸಿದವರಲ್ಲಿ ಅವರು ಮುಖ್ಯರು: ನಿಜ.

ಆ ಕಥೆ ಮತ್ತೆ ಬಂದರೆ, ಕಳಿಸಿದವರಿಗೆ ಪೆನ್ನು ತೊಳೆಯುವ ಈ ಐದು ಹೆಜ್ಜೆ ಕಳಿಸಿ. ಒಂದು ರಾತ್ರಿ ನೆನೆಸಿದರೆ ಅಜ್ಜನ ಪೆನ್ನು ಮೊಮ್ಮಗಳ ಕೈಯಲ್ಲಿ ಬರೆಯುತ್ತದೆ.