ಸಮಾಧಿಗಳ ನಡುವೆ ಪುನರುತ್ಥಾನದ ಸಾಕ್ಷಿ: ಮೊಲೊಕಾಯಿಯ ಸಂತ ಡೇಮಿಯನ್

ಪ್ರತಿ ಭಾನುವಾರ ಬಲಿಪೂಜೆಯಲ್ಲಿ ವಿಶ್ವಾಸ ಪ್ರಮಾಣವನ್ನು ಹೇಳುವಾಗ ನಾವು ಮೃತರ ಪುನರುತ್ಥಾನವನ್ನು ಒಪ್ಪಿಕೊಳ್ಳುತ್ತೇವೆ. ಸೋಮವಾರ ಬೆಳಿಗ್ಗೆ ಆ ವಿಶ್ವಾಸದಿಂದ ನಮ್ಮ ಬದುಕಿನಲ್ಲಿ ಏನು ಬದಲಾಗುತ್ತದೆ? ಈ ಪ್ರಶ್ನೆಗೆ ಹದಿನಾರು ವರ್ಷಗಳ ಸೇವೆಯಿಂದ ಉತ್ತರ ಕೊಟ್ಟವರು ಸಂತ ಡೇಮಿಯನ್.

1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಅವರು ಹುಟ್ಟಿದರು. ಜ್ಞಾನಸ್ನಾನದ ಹೆಸರು ಜೋಸೆಫ್. ಅಣ್ಣನ ಹಾದಿ ಹಿಡಿದು ಯೇಸು-ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಡೇಮಿಯನ್ ಎಂಬ ಹೆಸರನ್ನು ಪಡೆದರು. ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದ ಅಣ್ಣ ಟೈಫಸ್ ಜ್ವರದಿಂದ ಹಾಸಿಗೆ ಹಿಡಿದಾಗ, ಆ ಸ್ಥಾನಕ್ಕೆ ತನ್ನನ್ನು ಕಳುಹಿಸುವಂತೆ ಬೇಡಿಕೊಂಡರು. 1864ರ ಮಾರ್ಚ್ 19ರಂದು ಹೊನೊಲುಲು ತಲುಪಿ, ಅದೇ ವರ್ಷದ ಮೇ 21ರಂದು ಗುರುದೀಕ್ಷೆ ಪಡೆದರು.

ಆಗ ಹವಾಯಿ ಸ್ವತಂತ್ರ ರಾಜ್ಯ. ಕುಷ್ಠರೋಗಕ್ಕೆ ಮದ್ದಿರಲಿಲ್ಲ. 1865ರ ಕಾನೂನಿನಂತೆ ರೋಗಿಗಳನ್ನು ಹಿಡಿದು 1866ರಿಂದ ಮೊಲೊಕಾಯಿ ದ್ವೀಪದ ಕಲವಾವೊ ಎಂಬಲ್ಲಿಗೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಅಲ್ಲಿಗೆ ಹೋದವರು ಮನೆಯವರ ಪಾಲಿಗೆ ಬದುಕಿದ್ದೂ ಸತ್ತಂತೆ.

ಸರದಿಯಂತೆ ಅಲ್ಲಿ ಸೇವೆ ಮಾಡಲು ಮುಂದೆ ಬಂದ ನಾಲ್ವರು ಗುರುಗಳಲ್ಲಿ ಡೇಮಿಯನ್ ಮೊದಲಿಗರು. 1873ರ ಮೇ 10ರಂದು ಬಿಷಪರ ಜತೆ ದೋಣಿಯಿಂದ ಇಳಿದಾಗ ಅವರಿಗೆ 33 ವರ್ಷ. ಹೋದವರು ಹಿಂತಿರುಗಲು ಬಯಸಲಿಲ್ಲ. ಅಲ್ಲೇ ಉಳಿಯುತ್ತೇನೆಂದು ಕೇಳಿಕೊಂಡರು. ಪುಟ್ಟದೊಂದು ಇಗರ್ಜಿ ಇತ್ತು, ಗುರುಗಳಿಗೆ ಮನೆ ಇರಲಿಲ್ಲ. ಮೊದಲ ರಾತ್ರಿಗಳನ್ನು ಇಗರ್ಜಿಯ ಪಕ್ಕದ ಕೇದಗೆ ಜಾತಿಯ ಮರದಡಿಯಲ್ಲಿ ಕಳೆದರು.

ಕಲವಾವೊದಲ್ಲಿ ಸಾವು ದಿನನಿತ್ಯದ ಮಾತು. ಬಡ ರೋಗಿ ಸತ್ತರೆ ಪೆಟ್ಟಿಗೆಯಿಲ್ಲ. ಆಳವಿಲ್ಲದ ಗುಂಡಿಯೇ ಗತಿ. ಹೊಸ ಗುರುಗಳು ಗುದ್ದಲಿ, ಗರಗಸ ಹಿಡಿದರು. ಸ್ಮಶಾನಕ್ಕೆ ಬೇಲಿ ಹಾಕಿದರು. ತಾವೇ ಗುಂಡಿ ತೋಡಿದರು, ನೂರಾರು ಶವಪೆಟ್ಟಿಗೆಗಳನ್ನು ತಮ್ಮ ಕೈಯಾರೆ ಮಾಡಿದರು. ಅಂತ್ಯಸಂಸ್ಕಾರಕ್ಕೆಂದೇ ರೋಗಿಗಳ ಸಂಘವೊಂದನ್ನು ಕಟ್ಟಿದರು. ಶಿಲುಬೆ ಮುಂದೆ, ವಾದ್ಯ ಹಿಂದೆ. ಸಮಾಜ ಹೊರದೂಡಿದವರು ಗೌರವದಿಂದ ಮಣ್ಣು ಸೇರಿದರು. ಸಂಜೆ ಡೇಮಿಯನ್ ಜಪಸರ ಹಿಡಿದು ಆ ಸಮಾಧಿಗಳ ನಡುವೆ ನಡೆಯುತ್ತಿದ್ದರು.

ದೇವರು ಎಬ್ಬಿಸಲಿರುವ ಶರೀರವನ್ನು ಕಸದಂತೆ ಎಸೆಯಬಾರದು ಎಂಬುದು ಅವರ ವಿಶ್ವಾಸವಾಗಿತ್ತು. ಸತ್ತ ಶರೀರಕ್ಕೆ ಇಷ್ಟು ಗೌರವ ಸಲ್ಲುವುದಾದರೆ ಕೊಳೆಯುತ್ತಿರುವ ಜೀವಂತ ಶರೀರಕ್ಕೆ ಇನ್ನೆಷ್ಟು ಸಲ್ಲಬೇಕು! ಆದ್ದರಿಂದ ಪೆಟ್ಟಿಗೆ ಮಾಡಿದ ಕೈಗಳೇ ಮನೆಗಳನ್ನೂ ಕಟ್ಟಿದವು, ನೀರಿನ ಕೊಳವೆ ಎಳೆದವು, ಹುಣ್ಣುಗಳನ್ನು ತೊಳೆದು ಬಟ್ಟೆ ಕಟ್ಟಿದವು. ತಬ್ಬಲಿ ಮಕ್ಕಳಿಗೆ ಆಶ್ರಯವಾಯಿತು, ಇಗರ್ಜಿಯಲ್ಲಿ ಗಾಯನ ವೃಂದ ಹುಟ್ಟಿತು. ಪ್ರವಚನದಲ್ಲಿ ಅವರು ಮೊದಲಿನಿಂದಲೂ ರೋಗಿಗಳೊಂದಿಗೆ ತಮ್ಮನ್ನೂ ಸೇರಿಸಿಕೊಂಡೇ ಮಾತನಾಡುತ್ತಿದ್ದರು.

ಅವರೂ ನಮ್ಮಂತೆ ಮನುಷ್ಯರೇ. ಹಟ, ಮುಂಗೋಪ ಇತ್ತು. ಮೇಲಧಿಕಾರಿಗಳಿಗೆ ಅವರ ಬಗ್ಗೆ ಅಸಮಾಧಾನವಿತ್ತು. ಒಂಟಿತನವೂ ಕಾಡಿತು. ಒಮ್ಮೆ ಹಡಗಿನಲ್ಲಿ ಬಂದ ಗುರುಗಳಿಗೆ ದಡಕ್ಕಿಳಿಯಲು ಅಪ್ಪಣೆ ಸಿಗದಿದ್ದಾಗ, ಡೇಮಿಯನ್ ಕೆಳಗೆ ದೋಣಿಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಪಾಪನಿವೇದನೆ ಮಾಡಿದರು.

1884ರ ಡಿಸೆಂಬರಿನಲ್ಲಿ ಕುದಿಯುವ ನೀರು ಕಾಲಿಗೆ ತಾಗಿದರೂ ನೋವಾಗಲಿಲ್ಲ. ರೋಗ ತಮಗೂ ಅಂಟಿದೆ ಎಂದು ಅವರಿಗೆ ತಿಳಿಯಿತು. ಆದರೂ ಕೆಲಸ ನಿಲ್ಲಲಿಲ್ಲ. 1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ, 49ನೆಯ ವಯಸ್ಸಿನಲ್ಲಿ ಅವರು ಪ್ರಭುವಿನ ಬಳಿಗೆ ಹೋದರು. ಮೊದಲು ಆಸರೆ ಕೊಟ್ಟ ಅದೇ ಮರದಡಿಯಲ್ಲಿ ಅವರನ್ನು ಸಮಾಧಿ ಮಾಡಿದರು. ಆರು ದಿನಗಳ ಬಳಿಕ ಪಾಸ್ಖ ಹಬ್ಬ.

1936ರಲ್ಲಿ ಅವರ ಅವಶೇಷಗಳನ್ನು ಬೆಲ್ಜಿಯಂಗೆ ಒಯ್ಯಲಾಯಿತು. 1995ರಲ್ಲಿ ಪುನೀತರೆಂದು ಘೋಷಣೆಯಾದಾಗ ಬಲಗೈಯ ಅವಶೇಷ ಮಾತ್ರ ಕಲವಾವೊದ ಸಮಾಧಿಗೆ ಮರಳಿತು, ಅಷ್ಟೊಂದು ಜನರನ್ನು ಮಣ್ಣಿಗಿಟ್ಟ ಕೈ! 2009ರ ಅಕ್ಟೋಬರ್ 11ರಂದು ಪೋಪ್ 16ನೇ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು. ಮೇ 10 ಅವರ ಹಬ್ಬ.

ಡೇಮಿಯನರು ತೀರಿಕೊಂಡ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಇಂದು ಈ ರೋಗ ಔಷಧಿಯಿಂದ ಸಂಪೂರ್ಣ ಗುಣವಾಗುತ್ತದೆ. ಮುಟ್ಟಲು ಅಂಜುವ ನಮ್ಮ ರೋಗ ಮಾತ್ರ ಪೂರ್ತಿ ಹೋಗಿಲ್ಲ. 2020ರ ಕೋವಿಡ್ ದಿನಗಳಲ್ಲಿ ನಮ್ಮವರ ಶವಪೆಟ್ಟಿಗೆಯ ಹತ್ತಿರ ಹೋಗಲೂ ನಮ್ಮಲ್ಲಿ ಎಷ್ಟು ಮಂದಿ ಹೆದರಿದೆವು! ಹಾಗೆಯೇ ಹೆಗಲು ಕೊಟ್ಟ ಯುವಕರೂ ಇದ್ದರು ಎಂಬುದನ್ನು ನಾವು ಮರೆಯಬಾರದು.

ಪುನರುತ್ಥಾನದ ವಿಶ್ವಾಸವು ಪಾಸ್ಖ ಜಾಗರಣೆಯ ಮೇಣದ ಬತ್ತಿಯೊಂದಿಗೆ ಆರಿಹೋಗುವುದು ಬೇಡ. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯ ಬೆನ್ನಿನ ಹುಣ್ಣನ್ನು ಯಾರು ತೊಳೆಯುತ್ತಾರೆ? ದಿಕ್ಕಿಲ್ಲದವರು ಸತ್ತರೆ ಗುರಿಕಾರರ ಹೊರತು ಎಷ್ಟು ಮಂದಿ ಸ್ಮಶಾನಕ್ಕೆ ಬರುತ್ತೇವೆ? ಮುಂದಿನ ಭಾನುವಾರ ವಿಶ್ವಾಸ ಪ್ರಮಾಣವನ್ನು ಹೇಳುವ ಮೊದಲು ಅಂಥ ಒಂದು ಮನೆಗಾದರೂ ಹೋಗಿ ಬರೋಣ.

ಸಂತ ಡೇಮಿಯನರೇ, ನಮಗಾಗಿ ಪ್ರಾರ್ಥಿಸಿರಿ.