ಕರ್ನಾಟಕ ಕುಲಪುರೋಹಿತ ಆಲೂರು ವೆಂಕಟರಾಯರು

ನವೆಂಬರ್ ತಿಂಗಳು ಹತ್ತಿರ ಬಂದಿತೆಂದರೆ ಪರಸ್ಥಳಗಳಲ್ಲಿರುವ ನಮ್ಮ ಕನ್ನಡ ಸಂಘಗಳಿಗೆ ಹೊಸ ಕಳೆ ಬರುತ್ತದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿ, ಎಲ್ಲೆಲ್ಲಿ ಕನ್ನಡದ ನಾಲ್ಕು ಮನೆಗಳಿವೆಯೋ ಅಲ್ಲೆಲ್ಲ ರಾಜ್ಯೋತ್ಸವದ ಸಿದ್ಧತೆ ನಡೆಯುತ್ತದೆ. ಹೊಟೇಲಿನಲ್ಲಿ ದುಡಿಯುವವರಿಗೆ ರಾತ್ರಿ ಹನ್ನೊಂದರವರೆಗೆ ಬಿಡುವಿಲ್ಲ. ಕಚೇರಿಯ ಗುಮಾಸ್ತರಿಗೆ ರೈಲಿನ ಓಡಾಟದಲ್ಲಿಯೇ ದಿನ ಸವೆಯುತ್ತದೆ. ಆದುದರಿಂದ ಉತ್ಸವದ ಭಾರವು ಬಹುಮಟ್ಟಿಗೆ ವಿದ್ಯಾರ್ಥಿಗಳ ಹೆಗಲ ಮೇಲೆಯೇ ಬೀಳುವುದು. ತೋರಣ ಕಟ್ಟುವವರು ಅವರು, ಭುವನೇಶ್ವರಿಯ ಪಟಕ್ಕೆ ಹಾರ ಹಾಕುವವರು ಅವರು, ನಾಡಿನ ಹಿರಿಯರ ಭಾವಚಿತ್ರಗಳನ್ನು ಹಿಡಿದು ಮೆರವಣಿಗೆಯಲ್ಲಿ ನಡೆಯುವವರೂ ಅವರೇ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಮೆರವಣಿಗೆಯು ಹೊರಡುವ ಮುನ್ನ ನಾವು ಅಲ್ಲಿ ಹಾಜರಿದ್ದೆವು. ಹನ್ನೆರಡು ವರ್ಷದ ಹುಡುಗನೊಬ್ಬನು ತನಗಿಂತಲೂ ಅಗಲವಾದ ಭಾವಚಿತ್ರವೊಂದನ್ನು ಎದೆಗವಚಿಕೊಂಡು ನಿಂತಿದ್ದನು. ಚಿತ್ರದ ಕೆಳಗೆ ಕರ್ನಾಟಕ ಕುಲಪುರೋಹಿತ ಎಂದು ಬರೆದಿತ್ತು. ಇವರು ಯಾರೆಂದು ಕೇಳಿದೆವು. ಯಾವುದೋ ಊರಿನ ದೊಡ್ಡ ಪುರೋಹಿತರಿರಬೇಕು, ರಾಜ್ಯಕ್ಕೆ ಪೂಜೆ ಮಾಡಿದವರಿರಬೇಕು ಎಂದು ಅವನು ಸಂಕೋಚದಿಂದ ಹೇಳಿದನು. ಹತ್ತಿರವೇ ಇದ್ದ ಹಿರಿಯರಿಬ್ಬರ ಕಡೆಗೆ ನೋಡಿದೆವು. ಅವರು ಹುಡುಗನಷ್ಟನ್ನೂ ಹೇಳಲಾರದೆ ಹೂವಿನ ಹಾರವನ್ನು ಸರಿಪಡಿಸತೊಡಗಿದರು. ಹುಡುಗನನ್ನು ದೂರುವಂತಿಲ್ಲ. ಹೇಳಿಕೊಡುವವರೇ ಇಲ್ಲದಿದ್ದರೆ ಅವನು ಎಲ್ಲಿಂದ ಕಲಿತಾನು? ಆ ದಿನ ಅವನಿಗೆ ಅವಸರದಲ್ಲಿ ಹೇಳಿದ್ದನ್ನು ವಾಚಕರ ಮುಂದೆ ಇಂದು ಸ್ವಲ್ಪ ಸಾವಕಾಶವಾಗಿ ಇಡುತ್ತಿದ್ದೇವೆ.

ಆಲೂರು ವೆಂಕಟರಾಯರು ಹುಟ್ಟಿದ್ದು ೧೮೮೦ರ ಜುಲೈ ೧೨ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಸರಕಾರದ ಕಂದಾಯ ಇಲಾಖೆಯ ನೌಕರರು. ಅಂದಿನ ಕನ್ನಡನಾಡಿನ ಸ್ಥಿತಿಯನ್ನು ಇಂದಿನ ಹುಡುಗರು ಊಹಿಸುವುದೂ ಕಷ್ಟ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು, ೧೮೧೮ರಲ್ಲಿ ಪೇಶವಾಯಿ ಮುಗಿಯಿತು. ಆ ಬಳಿಕ ಕನ್ನಡದ ನೆಲವು ಹರಿದು ಹಂಚಿಹೋಗಿದ್ದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಗೆ, ಮಂಗಳೂರು, ಬಳ್ಳಾರಿಗಳು ಮದರಾಸಿಗೆ, ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನಿಗೆ, ಮೈಸೂರು ಒಡೆಯರಿಗೆ, ಕೊಡಗು ಬೇರೆ. ಇವುಗಳ ನಡುವೆ ಜಮಖಂಡಿ, ಮುಧೋಳ, ಸವಣೂರು, ಸಂಡೂರುಗಳಂಥ ಚಿಕ್ಕಪುಟ್ಟ ಸಂಸ್ಥಾನಗಳು. ಒಂದೇ ಮಾತನ್ನಾಡುವ ಜನರು ಒಬ್ಬರಿಗೊಬ್ಬರು ಪರದೇಶಿಗಳಾಗಿದ್ದರು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ ಕಾಲವೂ ಒಂದಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನೆಲೆಗೊಳಿಸದಿದ್ದರೆ ವೆಂಕಟರಾಯರ ಪೀಳಿಗೆಗೆ ಕನ್ನಡದ ಅಕ್ಷರವೇ ದೊರೆಯುತ್ತಿತ್ತೋ ಇಲ್ಲವೋ!

ಆ ಕಾಲದಲ್ಲಿ ಧಾರವಾಡದ ಕಡೆಯ ಬುದ್ಧಿವಂತ ಹುಡುಗರು ಉಚ್ಚ ವಿದ್ಯಾಭ್ಯಾಸಕ್ಕೆ ಪುಣೆಗೆ ಹೋಗುವುದು ವಾಡಿಕೆಯಾಗಿತ್ತು. ವೆಂಕಟರಾಯರೂ ಹಾಗೆಯೇ ಹೋಗಿ ಫರ್ಗ್ಯೂಸನ್ ಕಾಲೇಜನ್ನು ಸೇರಿದರು. ಬಳಿಕ ಕಾಯಿದೆಯನ್ನೂ ಓದಿದರು. ಪರಸ್ಥಳದಲ್ಲಿರುವ ನಮ್ಮ ವಾಚಕರಿಗೆ ಅವರ ಜೀವನದ ಈ ಭಾಗವು ಬಹಳ ಸಮೀಪದ್ದೆನಿಸೀತು. ಅಂದಿನ ಪುಣೆಯು ತಿಲಕರ ಪುಣೆ. ಗಣೇಶೋತ್ಸವ, ಶಿವಾಜಿ ಉತ್ಸವಗಳ ಭರಾಟೆಯು ಬೀದಿಬೀದಿಗಳಲ್ಲಿ ನಡೆಯುತ್ತಿತ್ತು. ಸಾವರಕರರಂಥ ತರುಣರ ಸಹವಾಸವೂ ಅಲ್ಲಿ ದೊರೆಯಿತು. ಮರಾಠಿ ವಿದ್ಯಾರ್ಥಿಗಳು ತಮ್ಮ ಪೂರ್ವಜರ ಶೌರ್ಯವನ್ನು ನೆನೆದು ಎದೆಯುಬ್ಬಿಸಿ ನಡೆಯುತ್ತಿದ್ದರೆ ಕನ್ನಡದ ವಿದ್ಯಾರ್ಥಿಗೆ ನೆನೆಯಲು ಏನಿತ್ತು? ಪುಲಕೇಶಿ, ನೃಪತುಂಗ, ವಿಕ್ರಮಾದಿತ್ಯರ ಚರಿತ್ರೆಯಿತ್ತು, ನಿಜ. ಆದರೆ ಅದು ಫ್ಲೀಟ್, ಭಾಂಡಾರಕರರಂಥ ಪಂಡಿತರ ಇಂಗ್ಲಿಷ್ ಗ್ರಂಥಗಳಲ್ಲಿ ಹುದುಗಿತ್ತು. ಕನ್ನಡಿಗನ ನಾಲಗೆಯ ಮೇಲೆ ಇರಲಿಲ್ಲ. ಕರ್ನಾಟಕದ ಏಕೀಕರಣವೆಂಬ ಹಂಬಲಕ್ಕೆ ಕನ್ನಡನಾಡಿನಾಚೆಯ ಈ ವಿದ್ಯಾರ್ಥಿಜೀವನವೇ ಬೀಜ ಬಿತ್ತಿತೆಂದು ನಾವು ತಿಳಿಯುತ್ತೇವೆ. ಮನೆಯಿಂದ ದೂರ ಬಂದವನಿಗೆ ಮನೆಯ ಗೋಡೆಯ ಬಿರುಕು ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು.

೧೯೦೫ನೆಯ ಇಸವಿ ಅವರ ಬಾಳಿನ ತಿರುವು. ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದ್ದರು. ಅದೇ ವರ್ಷ ಬಂಗಾಳದ ವಿಭಜನೆಯಾಗಿ ದೇಶದಲ್ಲೆಲ್ಲ ಸ್ವದೇಶಿ ಚಳವಳಿಯ ಕಿಚ್ಚು ಹತ್ತಿತು. ನವೆಂಬರಿನಲ್ಲಿ ಅವರು ಆನೆಗುಂದಿ, ಹಂಪಿಗಳಿಗೆ ಹೋದರು. ತುಂಗಭದ್ರೆಯ ದಡದಲ್ಲಿ ಮುರಿದು ಬಿದ್ದ ಗೋಪುರಗಳನ್ನೂ ಹಾಳು ಬಿದ್ದ ಪೇಟೆಯ ಸಾಲುಗಳನ್ನೂ ಕಂಡ ಆ ಇಪ್ಪತ್ತೈದರ ತರುಣನ ಮನಸ್ಸು ಕಲಕಿಹೋಯಿತು. ಹಂಪಿಯನ್ನು ಅವರಿಗಿಂತ ಮುಂಚೆ ಸಾವಿರಾರು ಕನ್ನಡಿಗರು ನೋಡಿರಲಿಲ್ಲವೇ? ಅವರು ಯಾತ್ರೆ ಮುಗಿಸಿ ಬುತ್ತಿ ಬಿಚ್ಚಿ ಉಂಡು ಹಿಂದಿರುಗಿದರು. ಇವರು ಹಿಂದಿರುಗಿದ ಮೇಲೆ ವಕೀಲಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೆಲವೇ ಕಾಲದಲ್ಲಿ ಅದನ್ನು ಬಿಟ್ಟುಬಿಟ್ಟರು. ಸಂಸಾರಸ್ಥನು ಕೈಗೆ ಬಂದ ಉದ್ಯೋಗವನ್ನು ಬಿಡುವುದೆಂದರೆ ಏನೆಂಬುದನ್ನು ಸಂಬಳದ ಮೇಲೆ ಬದುಕುವ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಅವರು ಹಿಡಿದದ್ದು ಲೇಖನಿಯನ್ನು. ೧೮೯೦ರಲ್ಲಿ ಸ್ಥಾಪನೆಯಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. ವಿದ್ಯಾರಣ್ಯರ ಚರಿತ್ರೆಯನ್ನು ಬರೆದರು. ಚದರಿಹೋಗಿದ್ದ ಕನ್ನಡ ಗ್ರಂಥಕರ್ತರನ್ನು ೧೯೦೭ ಮತ್ತು ೧೯೦೮ರಲ್ಲಿ ಧಾರವಾಡದಲ್ಲಿ ಕೂಡಿಸಿದರು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿಗೆ ಇಂಥ ಕೂಟಗಳು ದಾರಿ ಮಾಡಿಕೊಟ್ಟವು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ರಾಷ್ಟ್ರೀಯ ಶಾಲೆಯೊಂದನ್ನು ನಡೆಸಿ ನೋಡಿದರು. ಅದು ಬಹುಕಾಲ ಬಾಳಲಿಲ್ಲ.

ಆದರೆ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಗ್ರಂಥವು ೧೯೧೭ರಲ್ಲಿ ಹೊರಬಂದ ಕರ್ನಾಟಕ ಗತವೈಭವ. ಹನ್ನೆರಡು ವರ್ಷಗಳ ಹಿಂದೆ ಹಂಪಿಯಲ್ಲಿ ಎದ್ದ ಅಳಲು ಅದರಲ್ಲಿ ಮಾತಾಗಿ ಬಂದಿತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಕಥೆಯನ್ನು ಅವರು ಪಂಡಿತರಿಗಾಗಿ ಬರೆಯಲಿಲ್ಲ, ಮಲಗಿದವನನ್ನು ತಟ್ಟಿ ಎಬ್ಬಿಸುವವನಂತೆ ಬರೆದರು. ಇಂದಿನ ಇತಿಹಾಸಕಾರರು ಅದನ್ನು ತೂಗಿ ನೋಡಿದರೆ ಅನೇಕ ಕಡೆ ಉತ್ಸಾಹವು ಪ್ರಮಾಣವನ್ನು ಮೀರಿದೆಯೆಂದಾರು. ಅರಸರ ವೈಭವವೇ ಅಲ್ಲಿ ಹೆಚ್ಚು, ಉಳುವವನ ಬವಣೆ ಕಡಿಮೆ ಎಂಬುದೂ ಸುಳ್ಳಲ್ಲ. ಆದರೂ ತನಗೊಂದು ನಾಡಿದೆಯೆಂಬುದನ್ನೇ ಮರೆತಿದ್ದ ಜನಕ್ಕೆ ಆ ಪುಸ್ತಕವು ಮಾಡಿದ ಉಪಕಾರವನ್ನು ಬರಿಯ ಇತಿಹಾಸದ ತಕ್ಕಡಿಯಲ್ಲಿ ತೂಗಲಾಗದು.

ನಕಾಶೆಯಲ್ಲಿಲ್ಲದ ನಾಡಿಗಾಗಿ ರಾಜಕೀಯವನ್ನೂ ಮಾಡಬೇಕಾಯಿತು. ೧೯೧೬ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆಯು ಹುಟ್ಟಿತು. ೧೯೨೦ರಲ್ಲಿ ಅಲ್ಲಿಯೇ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ರಾಜಕೀಯ ಪರಿಷತ್ತು ಕೂಡಿತು. ಆ ವರ್ಷದ ನಾಗಪುರ ಕಾಂಗ್ರೆಸ್ಸಿಗೆ ಕನ್ನಡನಾಡಿನಿಂದ ನೂರಾರು ಪ್ರತಿನಿಧಿಗಳು ಹೋದರು. ಭಾಷೆಗನುಸಾರವಾಗಿ ಪ್ರಾಂತಗಳನ್ನು ಮಾಡಿಕೊಳ್ಳಲು ಕಾಂಗ್ರೆಸ್ಸು ಒಪ್ಪಿತು. ಕರ್ನಾಟಕಕ್ಕೆ ತನ್ನದೇ ಆದ ಪ್ರಾಂತಿಕ ಸಮಿತಿ ದೊರೆಯಿತು. ಸರಕಾರದ ದಫ್ತರದಲ್ಲಿ ಇಲ್ಲದ ಹೆಸರು ಹೀಗೆ ಕಾಂಗ್ರೆಸ್ಸಿನ ದಫ್ತರದಲ್ಲಾದರೂ ಏರಿತು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನ ಮಗ್ಗುಲಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಏಕೀಕರಣ ಪರಿಷತ್ತು ನೆರೆಯಿತು. ಆ ಕಾಂಗ್ರೆಸ್ಸಿನಲ್ಲಿ ಸ್ವಾಗತಗೀತವನ್ನು ಹಾಡಿದ ಬಾಲಕಿಗೆ ಆಗ ಹನ್ನೊಂದು ವರ್ಷ. ಮುಂದೆ ದೇಶವೆಲ್ಲ ಅವಳನ್ನು ಗಂಗೂಬಾಯಿ ಹಾನಗಲ್ ಎಂದು ಅರಿಯಿತು. ಮಕ್ಕಳಿಲ್ಲದೆ ನಾಡಿನ ಉತ್ಸವವು ಅಂದೂ ನಡೆದಿರಲಿಲ್ಲ.

ಹುಡುಗರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ೧೯೨೨ರಲ್ಲಿ ವೆಂಕಟರಾಯರು ಜಯಕರ್ನಾಟಕ ಪತ್ರಿಕೆಯನ್ನು ಆರಂಭಿಸಿದರು. ಪತ್ರಿಕೆಯು ಲಾಭದ ವ್ಯಾಪಾರವಲ್ಲವೆಂಬುದನ್ನು ನಾವು ಚೆನ್ನಾಗಿ ಬಲ್ಲೆವು! ಆದರೆ ಬೇಂದ್ರೆಯವರೂ ಅವರ ಗೆಳೆಯರ ಗುಂಪಿನ ತರುಣರೂ ಬೆಳೆದದ್ದು ಅದರ ಪುಟಗಳಲ್ಲಿ. ಈ ತರುಣರೇ ಧಾರವಾಡದಲ್ಲಿ ನವರಾತ್ರಿಯ ದಿನಗಳಲ್ಲಿ ನಾಡಹಬ್ಬವನ್ನು ಆಚರಿಸತೊಡಗಿದರು. ರಾಜ್ಯವು ಹುಟ್ಟಲು ಇನ್ನೂ ಮೂವತ್ತು ವರ್ಷಗಳಿದ್ದವು; ಹಬ್ಬವು ಮೊದಲೇ ಹುಟ್ಟಿತ್ತು.

೧೯೩೦ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರನ್ನು ಅರಸಿಕೊಂಡು ಬಂದಿತು. ಆ ಬಳಿಕ ಅವರ ಒಲವು ಅಧ್ಯಾತ್ಮದ ಕಡೆಗೆ, ಮಧ್ವಸಿದ್ಧಾಂತದ ಕಡೆಗೆ ಹೆಚ್ಚಾಯಿತು. ಸ್ವಾತಂತ್ರ್ಯ ಬಂದ ಮೇಲೂ ನಾಡು ಕೂಡಿಬರಲಿಲ್ಲ. ೧೯೫೩ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಜನ ಸಿಡಿದೆದ್ದರು. ರಾಜ್ಯಗಳ ಪುನರ್ವಿಂಗಡಣೆಯ ಆಯೋಗವು ೧೯೫೫ರಲ್ಲಿ ವರದಿ ಕೊಟ್ಟಿತು. ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವು ಉದಯವಾಯಿತು, ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು.

ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆ ನಡೆಯಿತು. ಎಪ್ಪತ್ತಾರರ ವೃದ್ಧ ವೆಂಕಟರಾಯರಾದರೋ ಹಂಪಿಗೆ ಹೋದರು. ಐವತ್ತೊಂದು ವರ್ಷಗಳ ಹಿಂದೆ ತಮ್ಮ ಎದೆಯಲ್ಲಿ ಬೆಂಕಿ ಹತ್ತಿಸಿದ ಆ ಹಾಳುಗಳ ನಡುವೆ, ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಸಲ್ಲಿಸಿದರು. ನಮ್ಮ ಆ ಹುಡುಗನು ಹೇಳಿದ್ದು ಪೂರಾ ತಪ್ಪಲ್ಲವೆಂಬುದು ಇದನ್ನು ಬರೆಯುವಾಗಲೇ ನಮಗೆ ಹೊಳೆಯುತ್ತಿದೆ.

ಎಲ್ಲವೂ ಕೈಗೂಡಿತೆಂದಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಹೊರಗೇ ಉಳಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬರಲಿಲ್ಲ. ೧೯೬೪ರ ಫೆಬ್ರವರಿ ೨೫ರಂದು ಧಾರವಾಡದಲ್ಲಿ ವೆಂಕಟರಾಯರು ಕಣ್ಮುಚ್ಚಿದರು. ಆ ಹೆಸರು ಬಂದದ್ದು ೧೯೭೩ರ ನವೆಂಬರ್ ೧ರಂದು, ದೇವರಾಜ ಅರಸರ ಕಾಲದಲ್ಲಿ. ಬೆಂಗಳೂರಿನಲ್ಲಿ ಆಲ್ಬರ್ಟ್ ವಿಕ್ಟರನ ಹೆಸರಿದ್ದ ರಸ್ತೆಗೆ ಇವರ ಹೆಸರನ್ನಿಟ್ಟರು. ಮೊದಲಕ್ಷರಗಳು ಎರಡರವೂ ಒಂದೇ ಆದುದರಿಂದ ಜನರು ಮೊದಲಿನಂತೆಯೇ ಎ. ವಿ. ರಸ್ತೆಯೆಂದು ಕರೆದುಕೊಂಡು ಓಡಾಡುತ್ತಾರೆ.

ಆ ದಿನ ಇಷ್ಟೆಲ್ಲವನ್ನು ಹುಡುಗನಿಗೆ ಹೇಳಲು ವೇಳೆಯಿರಲಿಲ್ಲ. ವಕೀಲಿ ಬಿಟ್ಟದ್ದನ್ನೂ ಹಂಪಿಯ ಪೂಜೆಯನ್ನೂ ಮಾತ್ರ ಹೇಳಿದೆವು. ಈ ಕೆಲಸಕ್ಕೆ ಅವರಿಗೆ ಸಂಬಳವೆಷ್ಟು ಕೊಡುತ್ತಿದ್ದರೆಂದು ಅವನು ಕೇಳಿದನು, ಏನೂ ಇರಲಿಲ್ಲವೆಂದೆವು. ಅಷ್ಟರಲ್ಲಿ ವಾದ್ಯದವರು ಹೊರಟರು. ಅವನು ಭಾವಚಿತ್ರವನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಂಡು ಸಾಲಿಗೆ ಸೇರಿದನು.