ಮೈಲಾರ ಮಹಾದೇವಪ್ಪನವರ ಚರಿತ್ರೆ

ಮಧುಗಿರಿಯಿಂದ ಮೂಡಣ ದಿಕ್ಕಿಗೆ, ಗೌರಿಬಿದನೂರಿನ ಸಮೀಪದಲ್ಲಿ ವಿದುರಾಶ್ವತ್ಥವೆಂಬ ಗ್ರಾಮವಿರುವದನ್ನು ಮದಲೂರು ಸೀಮೆಯವರೂ ಕೊರಟಗೆರೆ ಪಾವಗಡ ಕಡೆಯವರೂ ಬಲ್ಲಿರಿ. 1938ನೆಯ ಇಸವಿ ಏಪ್ರಿಲ್ ತಿಂಗಳ 25ನೆಯ ದಿನದಲ್ಲಿ, ಧ್ವಜಸತ್ಯಾಗ್ರಹಕ್ಕಾಗಿ ಅಲ್ಲಿ ಕೂಡಿದ್ದ ಜನರ ಮೇಲೆ ಪೋಲೀಸರು ಗುಂಡುಹಾರಿಸಿದರು. ಸತ್ತವರೆಷ್ಟು ಮಂದಿಯೆಂಬ ವಿಷಯದಲ್ಲಿ ಅಂದಿನ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಈಗ ಆ ಸ್ಥಳದಲ್ಲಿ ಅವರ ಸ್ಮಾರಕವು ನಿಂತಿದೆ. ಆದರೆ ಗುಂಡಿಗೆ ಬಿದ್ದವರಿಗೆ ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ನಮ್ಮ ಸಾಲವು ತೀರಿತೋ? ಗುಂಡು ತಗಲಿಯೂ ಬದುಕಿದವರ, ಮನೆಯ ಯಜಮಾನನನ್ನು ಕಳಕೊಂಡು ಉಳಿದವರ ಸಂಗತಿಯೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡ ನಾಡಿನಲ್ಲೆಲ್ಲಾ ಹೆಸರಾದ ಒಬ್ಬ ಪುರುಷನ ಜೀವಿತವನ್ನು ನಾವು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಮೈಲಾರ ಮಹಾದೇವಪ್ಪನವರು 1911ನೆಯ ಇಸವಿ ಜೂನ್ 8ನೆಯ ದಿನ ಮೋಟೆಬೆನ್ನೂರೆಂಬ ಗ್ರಾಮದಲ್ಲಿ ಹುಟ್ಟಿದರು. ಈ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದ್ದು. ಆಗ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಬಾಸೆಲ್ ಮಿಶನಿನ ಬೋಧಕರು 1837ರಲ್ಲಿ ಧಾರವಾಡಕ್ಕೆ ಬಂದು ಕೆಲಸವನ್ನಾರಂಭಿಸಿದ ನಾಡು ಇದೇ ಆದದರಿಂದ, ನಮ್ಮ ಸಭೆಗಳಿಗೆ ಅದು ಅಪರಿಚಿತವಾದ ಸ್ಥಳವಲ್ಲ. ಮಹಾದೇವಪ್ಪನವರ ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಅವರು ನಮ್ಮ ಮತದವರಲ್ಲ. ಹಳ್ಳಿಯಲ್ಲಿ ಹುಟ್ಟಿ, ಹಳ್ಳಿಯಲ್ಲಿ ಬೆಳೆದು, ಹಳ್ಳಿಯವರಿಗಾಗಿಯೇ ದುಡಿದವರು. ಆದಕಾರಣ ಹಳ್ಳಿಗಳಲ್ಲಿ ವಾಸಿಸುವ ನಮಗೆ ಅವರ ಚರಿತ್ರೆಯು ಹತ್ತಿರವಾದದ್ದಾಗಿದೆ.

ಎಳೇ ಪ್ರಾಯದಲ್ಲಿಯೇ ಅವರಿಗೆ ಖಾದಿಯ ಕೆಲಸದಲ್ಲಿ ಮನಸ್ಸು ನೆಟ್ಟಿತು. ಊರನ್ನು ಬಿಟ್ಟು, ಗುಜರಾತ ದೇಶದ ಸಾಬರಮತಿಯಲ್ಲಿದ್ದ ಗಾಂಧಿಯವರ ಆಶ್ರಮವನ್ನು ಸೇರಿದರು. 1930ನೆಯ ಇಸವಿ ಮಾರ್ಚ್ 12ನೆಯ ದಿನ ಗಾಂಧಿಯವರು ಉಪ್ಪಿನ ತೆರಿಗೆಯನ್ನು ಮುರಿಯುವದಕ್ಕಾಗಿ ದಾಂಡಿಯ ಕಡಲತೀರಕ್ಕೆ ಕಾಲ್ನಡೆಯಾಗಿ ಹೊರಟಾಗ, ಅವರು ಆರಿಸಿಕೊಂಡ 78 ಮಂದಿ ಸಂಗಡಿಗರಲ್ಲಿ ಕರ್ನಾಟಕದವರು ಒಬ್ಬರೇ. ಆ ಒಬ್ಬರು 18 ವರುಷದ ಮಹಾದೇವಪ್ಪನವರೇ. ಅದೇ ಸಾಲಿನಲ್ಲಿ ಕೇರಳದ ಟೈಟಸ್ ಎಂಬ ಕ್ರೈಸ್ತನೂ ನಡೆದನೆಂಬದನ್ನು ನಮ್ಮ ವಾಚಕರು ತಿಳಿದರೆ ಸಂತೋಷಪಡುವರು. ಸುಮಾರು 240 ಮೈಲುಗಳ ದಾರಿಯನ್ನು 24 ದಿವಸಗಳಲ್ಲಿ ನಡೆದು ಅವರು ಕಡಲನ್ನು ಸೇರಿದರು. ಅವರ ಕೈಗಳಲ್ಲಿ ಯಾವ ಆಯುಧವೂ ಇರಲಿಲ್ಲ. ಹೊಡೆದರೂ ತಿರುಗಿ ಹೊಡೆಯಬಾರದೆಂಬದೇ ಅವರಿಗಿದ್ದ ಕಟ್ಟಳೆ. ಈ ಪಾಠವನ್ನು ಆ ಹುಡುಗನು ಪುಸ್ತಕದಿಂದ ಕಲಿಯದೆ, ಕಾಲುಗಳಿಂದ ನಡೆದು ಕಲಿತನು.

ಆ ಚಳವಳಿಯಲ್ಲಿ ಅವರಿಗೆ ಸೆರೆವಾಸವು ಪ್ರಾಪ್ತವಾಯಿತು. ಅವರ ಪತ್ನಿಯಾದ ಸಿದ್ದಮ್ಮನವರು ಸಹ ಮನೆಯ ಮೂಲೆಯಲ್ಲಿ ಕುಳಿತುಕೊಳ್ಳದೆ ಪತಿಯ ಹಾದಿಯನ್ನೇ ಹಿಡಿದು, ತಾವೂ ಸೆರೆಮನೆಯನ್ನು ಕಂಡರು. ಬಿಡುಗಡೆಯಾಗಿ ಊರಿಗೆ ಬಂದ ಮೇಲೆ ಮಹಾದೇವಪ್ಪನವರು ಪದವಿಯನ್ನಾಗಲಿ ಹಣವನ್ನಾಗಲಿ ಹುಡುಕಲಿಲ್ಲ. ಹಾವೇರಿಯ ಸೀಮೆಯಲ್ಲಿ ಕೊರಡೂರೆಂಬ ಹಳ್ಳಿಯನ್ನು ಆರಿಸಿಕೊಂಡು, ಅಲ್ಲಿ ಸೇವಾಶ್ರಮವನ್ನು ನಡಿಸಿ, ನೂಲುವದನ್ನೂ ಖಾದಿಯನ್ನೂ ಹಳ್ಳಿಗರಲ್ಲಿ ಹಬ್ಬಿಸಿದರು. ದಾಂಡಿಯ ಯಾತ್ರೆಯು 24 ದಿವಸಗಳಲ್ಲಿ ಮುಗಿಯಿತು. ಹಳ್ಳಿಯ ಸೇವೆಯಾದರೋ ವರುಷಗಟ್ಟಲೆ ನಡೆಯಿತು. ಜನರು ಮೊದಲನೆಯದನ್ನು ಹೆಚ್ಚಾಗಿ ನೆನಸುತ್ತಾರೆ. ನಾವು ಎರಡನೆಯದನ್ನು ಕಡಮೆಯೆಂದು ಎಣಿಸುವದಿಲ್ಲ.

1942ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಆಂಗ್ಲರು ಈ ದೇಶವನ್ನು ಬಿಟ್ಟುಹೋಗಬೇಕೆಂಬ ನಿರ್ಣಯವು ಮುಂಬಯಿಯಲ್ಲಿ ಆದ ಕೂಡಲೇ ಸರಕಾರದವರು ಗಾಂಧಿಯವರನ್ನೂ ಇತರ ಮುಖಂಡರನ್ನೂ ಸೆರೆಹಿಡಿದರು. ದಾರಿತೋರಿಸುವವರಿಲ್ಲದೆ ಊರೂರಿನಲ್ಲಿಯೂ ಜನರು ತಮಗೆ ತೋಚಿದಂತೆ ನಡೆದರು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕನು ಮೆರವಣಿಗೆಯಲ್ಲಿ ಗುಂಡಿಗೆ ಬಲಿಯಾದದ್ದು ಆ ತಿಂಗಳಲ್ಲಿಯೇ. ಮಹಾದೇವಪ್ಪನವರು ತರುಣರ ಒಂದು ಗುಂಪನ್ನು ಕಟ್ಟಿಕೊಂಡು, ಸರಕಾರದ ಕೆಲಸವು ಹಳ್ಳಿಗಳಲ್ಲಿ ನಡೆಯದಂತೆ ತಡೆಯುವದಕ್ಕೆ ತೊಡಗಿದರು. ಸರಕಾರದ ಸೊತ್ತಿಗೆ ನಷ್ಟವಾದರೂ ಯಾರ ಪ್ರಾಣಕ್ಕೂ ಹಾನಿಯಾಗಬಾರದೆಂಬದು ಅವರ ನಿಯಮವಾಗಿತ್ತೆಂದು ಆ ಸೀಮೆಯವರು ಹೇಳುತ್ತಾರೆ.

1943ನೆಯ ಇಸವಿ ಏಪ್ರಿಲ್ 1ನೆಯ ದಿನವು ಬಂತು. ವರದಾ ನದಿಯ ಬಳಿಯ ಹೊಸರಿತ್ತಿ ಗ್ರಾಮದಲ್ಲಿ ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರನ ಗುಡಿಯಲ್ಲಿಟ್ಟು, ಪೋಲೀಸರನ್ನು ಕಾವಲಿಗಿಟ್ಟಿದ್ದರು. ಆ ಹಣವನ್ನು ವಶಪಡಿಸಿಕೊಳ್ಳುವದಕ್ಕಾಗಿ ಮಹಾದೇವಪ್ಪನವರು ತಮ್ಮವರ ಸಂಗಡ ಅಲ್ಲಿಗೆ ಹೋದರು. ಕಾವಲಿನವರು ಬಂದೂಕುಗಳನ್ನು ಹಾರಿಸಿದರು. ಮಹಾದೇವಪ್ಪನವರು ಗುಂಡು ತಗಲಿ ಬಿದ್ದರು. ಅವರ ಸಂಗಡ ತಿರಕಪ್ಪ ಮಡಿವಾಳರ ಎಂಬವರೂ ವೀರಯ್ಯ ಹಿರೇಮಠ ಎಂಬವರೂ ಪ್ರಾಣವನ್ನು ಬಿಟ್ಟರು. ಮಹಾದೇವಪ್ಪನವರಿಗೆ ಆಗ 31 ವರುಷ. ಸಿದ್ದಮ್ಮನವರು ವಿಧವೆಯಾದರು. ದೇಶವು ಸ್ವತಂತ್ರವಾಗುವದಕ್ಕೆ ಇನ್ನೂ ನಾಲ್ಕು ವರುಷಗಳಿದ್ದವು.

ಸರಕಾರದ ಹಣಕ್ಕೆ ಕೈಹಾಕಿದವನ ಚರಿತ್ರೆಯನ್ನು ಸಭೆಯ ಪತ್ರಿಕೆಯಲ್ಲಿ ಯಾಕೆ ಬರೆಯಬೇಕೆಂದು ನಮ್ಮವರಲ್ಲಿ ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವದಿಲ್ಲ. ಅಧಿಕಾರಿಗಳಿಗೆ ತೋರಿಸತಕ್ಕ ವಿಧೇಯತೆಯನ್ನು ಕುರಿತು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದದ್ದನ್ನು ನಾವು ಬಲ್ಲೆವು. ಗುಡಿಯೊಳಗಿನ ಹಣವನ್ನು ಕಸಿದುಕೊಳ್ಳಬೇಕೆಂದು ನಾವು ಯಾರಿಗೂ ಬೋಧಿಸುವದಿಲ್ಲ. ಆದರೆ ಸತ್ತವನನ್ನು ಗೌರವಿಸುವದಕ್ಕೆ ಅವನ ಎಲ್ಲಾ ಕ್ರಿಯೆಗಳನ್ನು ಒಪ್ಪಿಕೊಳ್ಳಲೇಬೇಕೆಂದಿಲ್ಲ. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದ ಮನುಷ್ಯನನ್ನು ಕಂಡ ಸಮಾರ್ಯದವನು, ಅವನು ಎಂಥವನು, ಯಾವ ಕುಲದವನು, ಈ ಹೊತ್ತಿನಲ್ಲಿ ಈ ದಾರಿಗೆ ಯಾಕೆ ಬಂದನು ಎಂದು ವಿಚಾರಿಸುತ್ತಾ ನಿಲ್ಲಲಿಲ್ಲ. ಮೊದಲು ಗಾಯವನ್ನು ಕಟ್ಟಿದನು. ಗುಂಡಿಗೆ ಬಿದ್ದವರ ವಿಷಯದಲ್ಲಿ ನಮ್ಮ ಮೊದಲನೆಯ ಕರ್ತವ್ಯವೂ ಇದೇ. ತೀರ್ಪು ದೇವರದು, ಗಾಯವನ್ನು ಕಟ್ಟುವ ಕೆಲಸವು ನಮ್ಮದು.

ಮಹಾದೇವಪ್ಪನವರಿಗೆ ನಾಡಿನವರು ತಕ್ಕ ಗೌರವವನ್ನು ಸಲ್ಲಿಸಿದ್ದಾರೆ. ಹಾವೇರಿಯಲ್ಲಿ ವೀರಸೌಧವೆಂಬ ಸ್ಮಾರಕವಿದೆ. ಆ ಪಟ್ಟಣದ ರೈಲ್ವೇ ನಿಲ್ದಾಣಕ್ಕೆ ಅವರ ಹೆಸರನ್ನಿಟ್ಟಿದ್ದಾರೆ. 2018ರಲ್ಲಿ ಅಂಚೆ ಇಲಾಖೆಯವರು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಗುಂಡಿನ ಶಬ್ದವನ್ನು ಕೇಳಿದ ಅದೇ ಹೊಸರಿತ್ತಿಯಲ್ಲಿ ಇಂದು ಗಾಂಧಿ ಗ್ರಾಮೀಣ ಗುರುಕುಲವೆಂಬ ವಸತಿಶಾಲೆಯಿದೆ. ಹಳ್ಳಿಯ ಹುಡುಗರು ಅಲ್ಲಿ ಓದಿನೊಂದಿಗೆ ಬೇಸಾಯವನ್ನೂ ಕಲಿಯುತ್ತಾರೆ. ಎಲ್ಲಾ ಸ್ಮಾರಕಗಳಲ್ಲಿ ಇದೇ ಅವರ ಮನಸ್ಸಿಗೆ ಹೆಚ್ಚು ಒಪ್ಪುತ್ತಿತ್ತೆಂದು ನಾವು ನೆನಸುತ್ತೇವೆ.

ಆದರೂ ಇಲ್ಲಿ ಒಂದು ಕೊರತೆಯನ್ನು ನಾವು ಕಾಣುತ್ತೇವೆ. ಮಹಾದೇವಪ್ಪನವರ ಹೆಸರನ್ನು ಬಲ್ಲವರಲ್ಲಿ ತಿರಕಪ್ಪನ ಹೆಸರನ್ನೂ ವೀರಯ್ಯನ ಹೆಸರನ್ನೂ ಹೇಳಬಲ್ಲವರು ಎಷ್ಟು ಮಂದಿ? ಮೂವರನ್ನೂ ಕೆಡವಿದ ಗುಂಡು ಒಂದೇ ತೆರನಾದದ್ದು. ಮೂವರ ಮನೆಗಳಲ್ಲಿಯೂ ಅತ್ತ ಕಣ್ಣೀರು ಒಂದೇ. ಸಿದ್ದಮ್ಮನವರ ಹೆಸರಾದರೋ ಇನ್ನೂ ಕಡಮೆ ಕೇಳಿಬರುತ್ತದೆ. ಸತ್ತವನ ಕಷ್ಟವು ಒಂದು ಗಳಿಗೆಯದು. ಉಳಿದವಳ ಕಷ್ಟವು ಆಯುಷ್ಕಾಲದ್ದು. ವಿದುರಾಶ್ವತ್ಥದಲ್ಲಿ ಸತ್ತವರನ್ನು ಜನರು ಎಣಿಸಿದರು. ಗಾಯಗೊಂಡು ಬದುಕಿ, ಮುಂದೆ ನೇಗಿಲನ್ನು ಹಿಡಿಯಲಾರದೆ ಹೋದವರನ್ನು ಯಾರು ಎಣಿಸಿದರು? ನಮ್ಮ ಕರ್ತನು ತಪ್ಪಿಹೋದ ಒಂದು ಕುರಿಯನ್ನು ಸಹ ಲೆಕ್ಕದಿಂದ ಬಿಡುವವನಲ್ಲ. ಆತನ ಸಭೆಯವರಾದ ನಾವು ಹೆಸರಾದವರನ್ನು ಮಾತ್ರ ನೆನಸಿ ಮಿಕ್ಕವರನ್ನು ಮರೆಯುವದು ತಕ್ಕದ್ದಲ್ಲ.

ಬಂದೂಕನ್ನು ಹಾರಿಸಿದವರ ವಿಷಯವಾಗಿಯೂ ಒಂದು ಮಾತು. ಅವರು ಸಂಬಳಕ್ಕೆ ದುಡಿಯುವ ಕಾವಲಿನವರು. ಅವರಿಗೂ ಹೆಂಡಿರು ಮಕ್ಕಳಿದ್ದರು. ಸ್ತೆಫನನನ್ನು ಕಲ್ಲೆಸೆದು ಕೊಂದ ದಿನದಲ್ಲಿ ಕೊಂದವರ ವಸ್ತ್ರಗಳನ್ನು ಕಾಯುತ್ತಾ ನಿಂತಿದ್ದ ಸೌಲನನ್ನು ದೇವರು ಅಲ್ಲಿಗೇ ಕೈಬಿಡಲಿಲ್ಲ. ಭಕ್ತಿವಂತರು ಸ್ತೆಫನನ ಶರೀರವನ್ನು ಹೂಣಿಟ್ಟು ಗೋಳಾಡಿದರು. ಸೇಡಿಗಾಗಿ ಕಲ್ಲುಗಳನ್ನು ಕೂಡಿಸಿದರೆಂದು ನಾವು ಓದುವದಿಲ್ಲ. ಮಹಾದೇವಪ್ಪನವರು ಯಾರ ಹಿಂದೆ ದಾಂಡಿಗೆ ನಡೆದರೋ ಆ ಗಾಂಧಿಯವರು ಸಹ 1948ನೆಯ ಇಸವಿ ಜನವರಿ 30ನೆಯ ದಿನ ದಿಲ್ಲಿಯಲ್ಲಿ ಗುಂಡಿಗೆ ಬಲಿಯಾದರು. ಆಗ ಅವರ ಪುತ್ರರಾದ ಮಣಿಲಾಲರೂ ರಾಮದಾಸರೂ, ತಮ್ಮ ತಂದೆಯನ್ನು ಕೊಂದವನಿಗೆ ಮರಣದಂಡನೆಯಾಗಬಾರದೆಂದು ಬೇಡಿಕೊಂಡರು. ಅವರ ಬೇಡಿಕೆಯು ನಡೆಯಲಿಲ್ಲ; ಆದರೆ ಆ ಬೇಡಿಕೆಯಿಂದ ಅವರು ತಂದೆಗೆ ಮಾಡಿದ ಗೌರವವು ಯಾವ ಕಲ್ಲಿನ ಸ್ತಂಭಕ್ಕಿಂತಲೂ ಎತ್ತರವಾದದ್ದು.

ಈ ಚರಿತ್ರೆಯಿಂದ ನಮ್ಮ ಹಳ್ಳಿಯ ಸಭೆಗಳು ಕಲಿಯತಕ್ಕದ್ದೇನು? ಗುಂಡಿನಿಂದ ಸತ್ತವರ ಹೆಸರುಗಳನ್ನು ಪ್ರಾರ್ಥನೆಯಲ್ಲಿ ಹೇಳುವಾಗ ಬಡವನ ಹೆಸರನ್ನೂ ಹೇಳೋಣ. ಅಂಥವರ ವಿಧವೆಯ ಮನೆಗೆ ಮೊದಲನೆಯ ವಾರದಲ್ಲಿ ಮಾತ್ರವಲ್ಲ, ಮೂರನೆಯ ವರುಷದಲ್ಲಿಯೂ ಹೋಗೋಣ. ಅವರ ಮಕ್ಕಳ ಶಾಲೆಯ ಖರ್ಚು ನಡೆಯುತ್ತದೋ, ಹೊಲವು ಉಳಲ್ಪಡುತ್ತದೋ ಎಂದು ಹಿರಿಯರು ವಿಚಾರಿಸಲಿ. ಗಾಯಗೊಂಡು ಬದುಕಿದವನು ರಾತ್ರಿ ಬೆಚ್ಚಿಬಿದ್ದರೆ, ಜನರ ನಡುವೆ ಬರುವದಕ್ಕೆ ಹಿಂಜರಿದರೆ, ಅವನನ್ನು ಹೇಡಿಯೆಂದು ನಗದೆ, ಅದೂ ಒಂದು ಗಾಯವೆಂದು ತಿಳಿದು ಸಂಗಡ ಕುಳಿತುಕೊಳ್ಳೋಣ.

ಬಂದೂಕಿನ ವಿಷಯದಲ್ಲಿಯೂ ಎಚ್ಚರವಾಗಿರೋಣ. ಬೆಳೆಯ ಕಾವಲಿಗೆಂದು ಪರವಾನಗಿಯಿಂದ ಬಂದೂಕನ್ನಿಟ್ಟುಕೊಂಡವರು ನಮ್ಮ ಸೀಮೆಯಲ್ಲಿದ್ದರೆ, ಅದನ್ನು ಮಕ್ಕಳ ಕೈಗೆ ಸಿಕ್ಕದಂತೆ ಬೀಗಹಾಕಿ ಇಡಲಿ. ಹೊಲದ ಗಡಿಯ ಜಗಳಕ್ಕೆ ಅದನ್ನು ಎಂದಿಗೂ ತಾರದಿರಲಿ. ಮದುವೆಯ ಸಂಭ್ರಮದಲ್ಲಿ ಆಕಾಶಕ್ಕೆ ಹಾರಿಸಿದ ಗುಂಡು ಆಕಾಶದಲ್ಲಿಯೇ ನಿಲ್ಲುವದಿಲ್ಲ. ಯಾರ ಮೇಲೋ ಬೀಳುತ್ತದೆ. ಇತರರ ಪ್ರಾಣಕ್ಕೆ ಅಪಾಯ ತರುವಂತೆ ಹೀಗೆ ಹಾರಿಸುವದಕ್ಕೆ 2019ರ ಆಯುಧ ಕಾಯಿದೆಯ ತಿದ್ದುಪಡಿಯು ಎರಡು ವರುಷಗಳ ವರೆಗೆ ಸೆರೆವಾಸವನ್ನಾಗಲಿ ಒಂದು ಲಕ್ಷ ರೂಪಾಯಿಯ ವರೆಗೆ ದಂಡವನ್ನಾಗಲಿ ಇವೆರಡನ್ನೂ ಆಗಲಿ ವಿಧಿಸಿದೆ. ಕಾಯಿದೆಯ ಭಯಕ್ಕಿಂತಲೂ ನೆರೆಯವನ ಮೇಲಣ ಪ್ರೀತಿಯು ನಮ್ಮನ್ನು ಹೆಚ್ಚಾಗಿ ತಡೆಯಲಿ.

ಹೊಸರಿತ್ತಿಯಲ್ಲಿ ಬಿದ್ದ ಮೂವರನ್ನೂ, ವಿದುರಾಶ್ವತ್ಥದಲ್ಲಿ ಬಿದ್ದವರನ್ನೂ, ಅವರಿಗಾಗಿ ಅತ್ತ ಮನೆಗಳನ್ನೂ ನಾವು ದೇವರ ಕೈಗೆ ಒಪ್ಪಿಸುತ್ತೇವೆ. ಕಣ್ಣೀರನ್ನು ಒರಸುವ ಆತನು, ಉಳಿದವರ ಕಣ್ಣೀರನ್ನು ಒರಸುವದಕ್ಕೆ ನಮ್ಮ ಕೈಗಳನ್ನೂ ಉಪಯೋಗಿಸಲಿ.